ಸ್ಟ್ಯಾಂಡಿಂಗ್ ಡೆಸ್ಕ್ ತಗೋಬೇಕು, 15 ಸಾವಿರದೊಳಗೆ ಮೈಸೂರಲ್ಲಿ ಏನ್ ಸಿಗುತ್ತೆ?

ಕುವೆಂಪುನಗರದವಳು
ಎಲ್ರಿಗೂ ನಮಸ್ಕಾರ. ವಾರದಲ್ಲಿ ಮೂರು ದಿನ ಮನೆಯಿಂದ ಕೆಲ್ಸ, ಎರಡು ದಿನ ಹೆಬ್ಬಾಳದ ಆಫೀಸು. ಮನೇಲಿ ಇರೋದು ಊಟದ ಟೇಬಲ್ಲು, ಅದರ ಮೇಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ರೆ ಸಂಜೆ ಹೊತ್ತಿಗೆ ಸೊಂಟ ಹಿಡ್ಕೊಂಡೇ ಏಳ್ಬೇಕು. ಹಾಗಾಗಿ ಕೂತೂ ನಿಂತೂ ಕೆಲ್ಸ ಮಾಡೋ ಹಾಗೆ ಎತ್ತರ ಬದಲಾಯ್ಸೋ ಸ್ಟ್ಯಾಂಡಿಂಗ್ ಡೆಸ್ಕ್ ನೋಡ್ತಾ ಇದೀನಿ. ಆನ್‌ಲೈನಲ್ಲಿ 9 ಸಾವಿರದ್ದೂ ಇದೆ 60 ಸಾವಿರದ್ದೂ ಇದೆ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಸಿಂಗಲ್ ಮೋಟರು ಡ್ಯುಯಲ್ ಮೋಟರು ಟೂ ಸ್ಟೇಜು ಥ್ರೀ ಸ್ಟೇಜು ಅಂತ ಬರ್ದಿರ್ತಾರೆ, ಒಂದೂ ತಲೆಗೆ ಹೋಗ್ತಿಲ್ಲ. ನನ್ನ ಹೈಟ್ 5 ಅಡಿ 2 ಇಂಚು, ನಮ್ಮನೆಯವ್ರು 5 ಅಡಿ 11, ಅವರದು ನೈಟ್ ಶಿಫ್ಟು, ಸೋ ಇಬ್ರಿಗೂ ಒಂದೇ ಟೇಬಲ್. ಬಜೆಟ್ 15, ತೀರಾ ಅಂದ್ರೆ 18. ಬಾಡಿಗೆ ಮನೆ, 10 ಬೈ 10 ರೂಮು, ಕಿಟಕಿ ಕೆಳಗಡೆನೇ ಜಾಗ ಇರೋದು. ಯೂಸ್ ಮಾಡ್ತಿರೋರು ಹೇಳಿ ಪ್ಲೀಸ್.

ಬೋಗಾದಿ_ರಿಂಗ್‌ರೋಡ್
15ಕ್ಕೆ ಫುಲ್ ಟೇಬಲ್ ಸಿಗಲ್ಲ ಅಂತಲ್ಲ, ಸೇಲ್ ಟೈಮಲ್ಲಿ ಸಿಗುತ್ತೆ. ಆದ್ರೆ ಆ ರೇಟಿಗೆ ಮೇಲಿನ ಹಲಗೆ ಪಾರ್ಟಿಕಲ್ ಬೋರ್ಡು, ಅದೂ ಎಷ್ಟೋ ಮಾಡೆಲ್‌ಗಳಲ್ಲಿ ಎರಡು ತುಂಡು, ಯಾಕಂದ್ರೆ ಕೊರಿಯರ್ ಡಬ್ಬ ಚಿಕ್ಕದಾಗ್ಬೇಕಲ್ಲ. ಮಧ್ಯದಲ್ಲಿ ಒಂದು ಗೆರೆ ಬರುತ್ತೆ, ಮೌಸ್ ಅಲ್ಲೇ ತಡವರಿಸುತ್ತೆ, ಪೇಪರ್ ಇಟ್ಟು ಬರೆದ್ರೆ ಪೆನ್ನು ಇಳಿಯುತ್ತೆ. ನನ್ನ ಕೇಳಿದ್ರೆ ಕಾಲು ಸೇರಿರೋ ಸ್ಟೀಲ್ ಫ್ರೇಮ್ ಮಾತ್ರ ತಗೊಳಿ, ಹಲಗೆ ಇಲ್ಲೇ ಮಾಡಿಸಿ. ನಾನು ಹಾಗೇ ಮಾಡಿದ್ದು.

ಇನ್ನು ಆ ಪದಗಳ ವಿಷ್ಯ. ಸಿಂಗಲ್ ಮೋಟರ್ ಅಂದ್ರೆ ಒಂದೇ ಮೋಟರು, ಅಲ್ಲಿಂದ ಒಂದು ರಾಡ್ ಅಡ್ಡ ಹೋಗಿ ಎರಡೂ ಕಾಲಿನೊಳಗಿನ ಸ್ಕ್ರೂ ತಿರುಗ್ಸುತ್ತೆ. ಸೆಕೆಂಡಿಗೆ 20-25 ಎಂಎಂ ಏರುತ್ತೆ, 70-80 ಕೆಜಿ ಹೊರುತ್ತೆ. ಡ್ಯುಯಲ್ಲಲ್ಲಿ ಕಾಲಿಗೊಂದು ಮೋಟರು, ಸೆಕೆಂಡಿಗೆ 35ರ ಆಸುಪಾಸು, 100-120 ಕೆಜಿ. ಒಂದು ಲ್ಯಾಪ್‌ಟಾಪು ಒಂದು ಮಾನಿಟರ್ ಇಡೋರಿಗೆ ಸಿಂಗಲ್ ಧಾರಾಳ ಸಾಕು. ಸ್ಟೇಜ್ ಅಂದ್ರೆ ಕಾಲಿನೊಳಗೆ ಎಷ್ಟು ಕೊಳವೆ ಒಂದರೊಳಗೊಂದು ಕೂತಿದೆ ಅನ್ನೋದು. ಟೂ ಸ್ಟೇಜ್ ಸಾಮಾನ್ಯವಾಗಿ 70-72 ಸೆಂ.ಮೀ ಇಂದ 118ರ ತನಕ, ಥ್ರೀ ಸ್ಟೇಜ್ 60-62 ಇಂದ 125ರ ಮೇಲೆ. ಎಲ್ರೂ ಮೋಟರ್ ಎಷ್ಟು ಅಂತ ಕೇಳ್ತಾರೆ, ನಿಮ್ಮನೆ ಕೇಸಲ್ಲಿ ಕೇಳ್ಬೇಕಿರೋದು ಸ್ಟೇಜು.

ಗುತ್ತಲು_ರೋಡ್
ಮೇಡಂ ನಾನು ಮಂಡ್ಯದೋನು, ಕೈಲಿ ತಿರುಗ್ಸೋ ಹ್ಯಾಂಡಲ್ದು ಮಡಿಕಂಡಿವ್ನಿ. ಮೋಟ್ರಿಲ್ಲ ಬೋರ್ಡಿಲ್ಲ, ಕರೆಂಟ್ ಹೋದ್ರೂ ಬಂದ್ರೂ ನಮಗೇನಾಗ್ಬೇಕು. ಫ್ರೇಮ್ ಹತ್ತು ಸಾವಿರದ ಒಳಗೇ ಆಯ್ತು, ಮೇಲಕ್ಕೆ ಅತ್ತೆ ಮನೇಲಿ ಬಿದ್ದಿದ್ದ ಹಳೇ ಕಾಟ್ ಹಲಗೆ ಕುಯ್ಸಿ ಹಾಕ್ದೆ. ಕೆಟ್ಟೋಗೋಕೆ ಅದ್ರಲ್ಲಿ ಏನೂ ಇಲ್ಲ ಕಣ್ರೀ. ಸುಮ್ನೆ ದುಡ್ಡು ಯಾಕ್ ಸುರೀತೀರಾ.

ಬೋಗಾದಿ_ರಿಂಗ್‌ರೋಡ್
ಅಣ್ಣ ನಿಮ್ದು ಒಬ್ರೇ ಯೂಸ್ ಮಾಡೋದು. ಅವರಲ್ಲಿ 5-2 ಒಬ್ರು 5-11 ಒಬ್ರು, ಶಿಫ್ಟ್ ಬದಲಾದಾಗೆಲ್ಲ ಹ್ಯಾಂಡಲ್ ತಿರುಗ್ಸ್ತಾ ನಿಂತ್ಕೊಂಡ್ರೆ ಲಾಗಿನ್ ಯಾವಾಗ ಆಗೋದು.

ಗುತ್ತಲು_ರೋಡ್
ಅದೂ ದಿಟವೇ ಬುಡಿ. ಕೂತ್ಕಳೋ ಎತ್ತರದಿಂದ ನಿಂತ್ಕಳೋ ಎತ್ತರಕ್ಕೆ ತರೋದ್ರಲ್ಲಿ ತೋಳು ವಸಿ ಬಿಸಿ ಆಯ್ತದೆ. ನಮ್ಮ ಹುಡುಗ್ರು ಬಂದ್ರೆ ಅವ್ರ್ ಕೈಲೇ ತಿರುಗ್ಸ್ತೀನಿ, ಅವಕ್ಕೆ ಆಟ.

ಒಂಟಿಕೊಪ್ಪಲ್_ಫಿಸಿಯೋ
ಫಿಸಿಯೋಥೆರಪಿ ಮಾಡ್ತೀನಿ, ಸೋ ಟೇಬಲ್ ಬಿಟ್ಟು ಮನುಷ್ಯರ ಕಡೆಯಿಂದ ಎರಡು ಮಾತು.

ಮೊದ್ಲು ಅಳತೆ ತಗೊಳಿ, ಆಮೇಲೆ ವೆಬ್‌ಸೈಟ್ ನೋಡಿ. ಗೋಡೆಗೆ ಬೆನ್ನು ಕೊಟ್ಟು ನೇರ ನಿಂತ್ಕೊಂಡು ಭುಜ ಸಡಿಲ ಬಿಟ್ಟು ಮೊಣಕೈ 90 ಡಿಗ್ರಿ ಮಡಚಿ, ನೆಲದಿಂದ ಮೊಣಕೈ ತಳಕ್ಕೆ ಎಷ್ಟಿದೆ ಅಂತ ಇನ್ನೊಬ್ಬರ ಕೈಲಿ ಟೇಪ್ ಹಿಡಿಸಿ. ಕೀಬೋರ್ಡ್ ಆ ಎತ್ತರದಲ್ಲಿ ಅಥವಾ ಒಂದೆರಡು ಸೆಂ.ಮೀ ಕೆಳಗಿರ್ಬೇಕು. ಅದೇ ಥರ ಕುರ್ಚಿ ಮೇಲೆ ಪಾದ ಪೂರ್ತಿ ನೆಲಕ್ಕೆ ಊರಿ ಕೂತು ಇನ್ನೊಂದು ಅಳತೆ. ಇನ್ನೊಂದು ವಿಷ್ಯ, ಇಂಟರ್ನೆಟ್ಟಲ್ಲಿರೋ ಹೈಟ್ ಕ್ಯಾಲ್ಕುಲೇಟರ್‌ಗಳು ಶೂ ಹಾಕಿರ್ತೀರಾ ಅನ್ನೋ ಲೆಕ್ಕದಲ್ಲಿ ಎರಡು ಎರಡೂವರೆ ಸೆಂ.ಮೀ ಸೇರಿಸಿರೋದುಂಟು, ನಾವು ಮನೇಲಿ ಬರಿಗಾಲು, ಅಷ್ಟು ಕಳೀಬೇಕು.

ಮಾಮೂಲಿ ಟೇಬಲ್ ಎತ್ತರ 75 ಸೆಂ.ಮೀ. 5 ಅಡಿ 2 ಇಂಚಿನವ್ರಿಗೆ ಕೂತಾಗ ಮೊಣಕೈ ಸಿಗೋದು 62-63ರ ಹತ್ರ. ಅಂದ್ರೆ ಹತ್ತು ಸೆಂ.ಮೀ ಗಿಂತ ಜಾಸ್ತಿ ಎತ್ತರದಲ್ಲಿ ಭುಜ ಎತ್ಕೊಂಡು ಇಡೀ ದಿನ ಟೈಪ್ ಮಾಡ್ತಿದೀರಾ. ಸೊಂಟದ ಜೊತೆ ಕತ್ತು ಭುಜನೂ ನೋವಿರ್ಬೇಕಲ್ಲ? ನನ್ನ ಹತ್ರ ಬರೋ ಹೆಣ್ಮಕ್ಳಲ್ಲಿ ಇದು ಸಿಕ್ಕಾಪಟ್ಟೆ ಕಾಮನ್, ಟೇಬಲ್‌ಗಳೆಲ್ಲ ಉದ್ದ ಇರೋ ಗಂಡಸರ ಅಳತೆಗೇ ಮಾಡಿರೋದು. ಹಾಗಾಗಿ ಟೇಬಲ್ ಎಷ್ಟು ಮೇಲೆ ಹೋಗುತ್ತೆ ಅನ್ನೋದಕ್ಕಿಂತ ಎಷ್ಟು ಕೆಳಗಿಳಿಯುತ್ತೆ ಅಂತ ನೋಡಿ. ದಿನದಲ್ಲಿ ಜಾಸ್ತಿ ಹೊತ್ತು ಕೂತೇ ಇರ್ತೀರಲ್ವಾ.

ಕುವೆಂಪುನಗರದವಳು
ಭುಜ ನೋವು ಹೌದು!! ಅದು ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಬಂದಿದ್ದು ಅನ್ಕೊಂಡಿದ್ದೆ.

ಅಳತೆ ತಗೊಂಡ್ವಿ, ನನಗೆ ನಿಂತಾಗ 98, ಕೂತಾಗ 62. ಅವರಿಗೆ ನಿಂತಾಗ 112, ಕೂತಾಗ 69. ಹಂಗಾದ್ರೆ ಟೂ ಸ್ಟೇಜ್ 72ರಿಂದ ಶುರು ಆದ್ರೆ ನಂಗೆ ಕೂತಾಗ ಆಗೋದೇ ಇಲ್ವಾ? ಥ್ರೀ ಸ್ಟೇಜ್ ರೇಟ್ ನೋಡ್ದೆ, ಎಲ್ಲಾ ಡ್ಯುಯಲ್ ಮೋಟರ್ ಜೊತೆನೇ ಬರ್ತಿದೆ, ಫ್ರೇಮೇ ಇಪ್ಪತ್ತರ ಹತ್ರ ಹೋಗ್ತಿದೆ.

ಬೋಗಾದಿ_ರಿಂಗ್‌ರೋಡ್
ಇಪ್ಪತ್ತು ಕೊಟ್ಬಿಡಿ. ಒಂದ್ಸಲ ತಗೊಳೋದು.

ಅಗ್ರಹಾರ_ಜಗಲಿ
ನಾನು ಬೇರೆ ರಾಗ ಎಳೀತೀನಿ, ಬೇಜಾರ್ ಮಾಡ್ಕೋಬೇಡಿ. ಸ್ಟ್ಯಾಂಡಿಂಗ್ ಡೆಸ್ಕ್ ಅಂದ್ರೆ ತೂಕ ಇಳಿಯುತ್ತೆ ಹಾರ್ಟ್ ಗಟ್ಟಿ ಆಗುತ್ತೆ ಅಂತೆಲ್ಲ ಮಾರ್ತಾರಲ್ಲ, 2018ರಲ್ಲಿ ಹಲವು ಅಧ್ಯಯನ ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ ಬಂತು, ಕೂತಿರೋದಕ್ಕಿಂತ ನಿಂತ್ರೆ ನಿಮಿಷಕ್ಕೆ ಜಾಸ್ತಿ ಖರ್ಚಾಗೋದು 0.15 ಕ್ಯಾಲೊರಿ. ಆರು ಗಂಟೆ ನಿಂತ್ರೂ 54. ಒಂದು ಲೋಟ ಕಾಫಿಗೆ ಹಾಕೋ ಹಾಲು ಸಕ್ಕರೆಗೆ ಸರಿ ಹೋಯ್ತು. ನಮ್ಮ ತಾತ ಶಾನುಭೋಗ್ರು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮುಂದೆ ಇಳಿಜಾರು ಡೆಸ್ಕ್ ಇಟ್ಕೊಂಡು ಲೆಕ್ಕ ಬರೀತಿದ್ರು, ಅರ್ಧ ಗಂಟೆಗೊಮ್ಮೆ ಯಾರೋ ಬಂದು ಕೂಗಿದ್ರೆ ಎದ್ದು ಹೋಗ್ತಿದ್ರು. ಎದ್ದು ಓಡಾಡೋದು ಮುಖ್ಯ, ಟೇಬಲ್ ಅಲ್ಲ.

ಒಂಟಿಕೊಪ್ಪಲ್_ಫಿಸಿಯೋ
ಜಗಲಿಯವ್ರು ಹೇಳಿದ್ದು ಅರ್ಧ ಸರಿ. ತೂಕ ಇಳ್ಸೋಕೆ ಇದಲ್ಲ, ಒಪ್ತೀನಿ. 2024ರಲ್ಲಿ ಯುಕೆ ಬಯೋಬ್ಯಾಂಕ್ ಅನ್ನೋ ಬ್ರಿಟನ್ನಿನ ಆರೋಗ್ಯ ಮಾಹಿತಿ ಭಂಡಾರದ 83 ಸಾವಿರ ಜನರ ಡೇಟಾ ಇಟ್ಕೊಂಡು ಮಾಡಿದ ಸ್ಟಡಿನೂ ಅದನ್ನೇ ಹೇಳ್ತು, ಬರೀ ನಿಂತ್ಕೊಂಡ್ರೆ ಹಾರ್ಟಿಗೇನೂ ಲಾಭ ಕಾಣ್ಲಿಲ್ಲ, ದಿನಕ್ಕೆ ಎರಡು ಗಂಟೆ ದಾಟಿ ನಿಂತಷ್ಟೂ ವೆರಿಕೋಸ್ ವೇನ್ಸ್ ಥರದ ರಕ್ತ ಕಾಲಲ್ಲಿ ನಿಲ್ಲೋ ತೊಂದ್ರೆ ಜಾಸ್ತಿ ಅಂತ. ಆದ್ರೆ ಕಾಕ್ರೇನ್ ಅನ್ನೋ ಸಂಸ್ಥೆ ಹಲವು ಅಧ್ಯಯನ ಒಟ್ಟಿಗೆ ನೋಡಿ ಮಾಡಿದ 2018ರ ರಿವ್ಯೂನಲ್ಲಿ ಇಂಥ ಟೇಬಲ್ ಕೊಟ್ಟವ್ರು ಶುರುವಿನ ತಿಂಗಳುಗಳಲ್ಲಿ ಕೆಲಸದ ದಿನಕ್ಕೆ ಸರಾಸರಿ 100 ನಿಮಿಷ ಕಮ್ಮಿ ಕೂತ್ರು ಅಂತಿದೆ, ಅದೇನ್ ಸಣ್ಣದಲ್ಲ. ಒಂದೇ ಭಂಗೀಲಿ ಹೆಪ್ಪುಗಟ್ಟಿ ಕೂತು ಬರೋ ನೋವಿಗೆ ಆಗಾಗ ಭಂಗಿ ಬದಲಾಯ್ಸೋದೇ ಔಷಧಿ, ಅದನ್ನ ಬಟನ್ ಒತ್ತಿ ಮಾಡ್ಬೋದು ಅನ್ನೋದಷ್ಟೇ ಈ ಟೇಬಲ್ಲಿನ ಲಾಭ. ಅಮೆರಿಕದ ಕಾರ್ನೆಲ್ ವಿವಿಯಲ್ಲಿ ಪ್ರೊಫೆಸರ್ ಆಗಿದ್ದ ಅಲನ್ ಹೆಡ್ಜ್ ಅನ್ನೋರು ಒಂದು ಲೆಕ್ಕ ಕೊಟ್ಟಿದಾರೆ, ಅರ್ಧ ಗಂಟೇಲಿ 20 ನಿಮಿಷ ಕೂತು 8 ನಿಮಿಷ ನಿಂತು 2 ನಿಮಿಷ ಓಡಾಡಿ ಅಂತ. ಗಡಿಯಾರ ನೋಡ್ಕೊಂಡೇ ಮಾಡಿ ಅಂತಲ್ಲ, ಅಂದಾಜಿಗೆ. ಬಸುರಿಯರು, ಈಗಾಗ್ಲೇ ಕಾಲಲ್ಲಿ ನರ ಉಬ್ಬಿರೋರು ಡಾಕ್ಟರನ್ನ ಕೇಳಿ ಶುರು ಮಾಡಿ.

ಜಗಲಿ ಸರ್, ನಿಮ್ಮ ತಾತಂಗೆ ಟೀಮ್ಸ್ ಮೀಟಿಂಗ್ ಇರ್ಲಿಲ್ಲ.

ಅಗ್ರಹಾರ_ಜಗಲಿ
ಅದ್ಕೇ 91 ವರ್ಷ ಬದುಕಿದ್ರು 😄

ಪಾಂಡವಪುರ_ಪ್ಯಾಸೆಂಜರ್
ಮೇಡಂ 15 ಸಾವಿರ ಸುರಿಯೋಕೆ ಮುಂಚೆ ಒಂದು ವಾರ ಪುಕ್ಕಟೆ ಟ್ರಯಲ್ ಮಾಡಿ. ಹಾಸಿಗೆ ಮೇಲೆ ಇಟ್ಕೊಳೋ ಮಡಚೋ ಲ್ಯಾಪ್‌ಟಾಪ್ ಟೇಬಲ್ ಬರುತ್ತಲ್ಲ, ಆರೇಳ್ನೂರು ರೂಪಾಯಿದು, ಮಕ್ಳಿರೋ ಮನೇಲಿ ಇದ್ದೇ ಇರುತ್ತೆ. ಅದರ ಎತ್ತರ 25-28 ಸೆಂ.ಮೀ. ನಿಮ್ಮ ಊಟದ ಟೇಬಲ್ 75. ಮೇಲಿಟ್ರೆ 100-103, ನಿಮ್ಮ ಅಳತೆಗೆ ಹೆಚ್ಚುಕಮ್ಮಿ ಬಂದೇ ಬಿಡ್ತು. ಕೀಬೋರ್ಡ್ ಅದರ ಮೇಲೆ, ಲ್ಯಾಪ್‌ಟಾಪ್ ಪಕ್ಕದಲ್ಲಿ ಪುಸ್ತಕದ ಕಟ್ಟಿನ ಮೇಲೆ. ನಿಂತು ಕೆಲ್ಸ ಮಾಡೋದು ಒಗ್ಗುತ್ತಾ ಇಲ್ವಾ ಅಂತ ಗೊತ್ತಾಗುತ್ತೆ. ಅಡುಗೆಮನೆ ಕಟ್ಟೆ ಮೇಲೆ ಟ್ರೈ ಮಾಡ್ಬೇಡಿ, ಅದು 85 ಸೆಂ.ಮೀ ಒಳಗೇ ಇರುತ್ತೆ, ಬಗ್ಗಿ ಬಗ್ಗಿ ಇನ್ನೂ ಸೊಂಟ ಹೋಗುತ್ತೆ.

ಕುವೆಂಪುನಗರದವಳು
ಇದು ಸೂಪರ್. ಮಗಳ ಡ್ರಾಯಿಂಗ್ ಟೇಬಲ್ ಇದೆ, ಮೇಲೆ ಬಾರ್ಬಿ ಸ್ಟಿಕರ್ ಅಂಟಿಸಿದಾಳೆ, ಕ್ಯಾಮೆರಾಗೆ ಕಾಣಲ್ಲ ಬಿಡಿ. ನಾಳೆಯಿಂದ ಶುರು.

ಟೇಬಲ್ ಮೇಲೇ ಇಡೋ ಕನ್ವರ್ಟರ್ ಅಂತ ಬರುತ್ತಲ್ಲ, ಅದು ಹೇಗೆ? 7-8 ಸಾವಿರಕ್ಕೆ ಕಾಣ್ತಿದೆ.

ಬೋಗಾದಿ_ರಿಂಗ್‌ರೋಡ್
ಬಾಡಿಗೆ ಮನೆಗೆ ಒಳ್ಳೇದೇ, ಗ್ಯಾಸ್ ಸ್ಪ್ರಿಂಗ್ ಇರುತ್ತೆ, ಅಕ್ಕಪಕ್ಕದ ಲಿವರ್ ಒತ್ತಿ ಎತ್ತಿದ್ರೆ ಏರುತ್ತೆ. ಆದ್ರೆ 75ರ ಟೇಬಲ್ ಮೇಲೆ ಕೂರುತ್ತೆ, ಅದ್ರದ್ದೇ ಒಂದಷ್ಟು ಸೆಂ.ಮೀ ದಪ್ಪ ಸೇರುತ್ತೆ, ನಿಮಗೆ ಕೂತಾಗ ಈಗ ಇರೋದಕ್ಕಿಂತ ಕಷ್ಟ. ಹತ್ತು ಹದಿನೈದು ಕೆಜಿ ತೂಕ ಬೇರೆ, ಊಟಕ್ಕೆ ಟೇಬಲ್ ಬೇಕು ಅಂದಾಗೆಲ್ಲ ಇಳ್ಸಿ ಇಡ್ಬೇಕು. ನಿಮ್ಮನೆಯವ್ರಿಗಾದ್ರೆ ಓಕೆ.

ಮರಗೆಲಸ_ಮೈಸೂರು
ನಮ್ಮ ಲೈನಿಗೆ ಬಂತು ಈಗ ಮಾತು. ಫ್ರೇಮ್ ತಗೊಂಡು ಹಲಗೆ ನಮ್ಮ ಹತ್ರ ಮಾಡಿಸ್ಕೊಳೋರು ಈಚೆಗೆ ಜಾಸ್ತಿ ಆಗಿದಾರೆ, ಅದ್ರಲ್ಲಿ ನಾನು ನೋಡಿರೋ ತಪ್ಪುಗಳನ್ನೇ ಹೇಳ್ಬಿಡ್ತೀನಿ.

4 ಅಡಿ ಬೈ 2 ಅಡಿ ಸಾಕು, ರೂಮ್ 10 ಬೈ 10 ಅಂದ್ರಲ್ಲ. 19 ಎಂಎಂ ಪ್ಲೈ ಹಾಕಿ, ಬಿಡಬ್ಲ್ಯುಆರ್ ಗ್ರೇಡು, ಅಂದ್ರೆ ನೀರು ತಡೆಯೋದು, ಮೇಲೆ ಐಎಸ್ 303 ಅಂತ ಗುಣಮಟ್ಟದ ಸೀಲ್ ಇರುತ್ತೆ. ಐಎಸ್ 710 ಮೆರೀನ್ ಕೇಳೋರಿದಾರೆ, ಅದು ಸಿಂಕ್ ಕೆಳಗೆ ಹಾಕೋಕೆ, ಟೇಬಲ್ಲಿಗೆ ಯಾಕೆ ಸ್ವಾಮಿ. ಪ್ಲೈ ಚದರಡಿಗೆ ನೂರರ ಹಿಂದೆ ಮುಂದೆ ಅಂತಿಟ್ಕೊಳಿ, 8 ಚದರಡಿ ಆಗುತ್ತೆ, ಆದ್ರೆ ಅಂಗಡಿಯವ್ರು 8 ಬೈ 4 ಫುಲ್ ಶೀಟೇ ತಗೊಳಿ ಅಂತಾರೆ. ಅದಕ್ಕೆ ಕಾರ್ಪೆಂಟರ್ ಹತ್ರ ಹೋಗಿ, ಯಾವುದೋ ವಾರ್ಡ್‌ರೋಬ್ ಕೆಲ್ಸದ್ದು ತುಂಡು ಉಳಿದಿರುತ್ತೆ. ಲ್ಯಾಮಿನೇಟ್ ಮೇಲೆ ಒಂದೇ ಕಡೆ ಅಂಟಿಸಿದ್ರೆ ಬೇಸಿಗೆ ಮಳೆಗಾಲ ಒಂದು ಸುತ್ತು ಬರೋದ್ರಲ್ಲಿ ಹಲಗೆ ಬಾಗುತ್ತೆ, ಹಿಂದುಗಡೆನೂ ತೆಳ್ಳಗಿನ ಬ್ಯಾಲೆನ್ಸಿಂಗ್ ಶೀಟ್ ಹಾಕಿಸ್ಲೇಬೇಕು, ಕಾಣಲ್ಲ ಅಂತ ಬಿಡ್ಬೇಡಿ. ಅಂಚಿಗೆ 2 ಎಂಎಂ ಪಿವಿಸಿ ಬ್ಯಾಂಡು, ಮುಂದಿನ ಅಂಚು ಸ್ವಲ್ಪ ಉಜ್ಜಿ ಗುಂಡಗೆ ಮಾಡಿಸಿ, ಇಲ್ಲಾಂದ್ರೆ ಮುಂಗೈ ಒತ್ತಿ ಗೆರೆ ಬೀಳುತ್ತೆ.

ಈಗ ಸ್ಕ್ರೂ ವಿಷ್ಯ. ಫ್ರೇಮ್ ಜೊತೆ ಬರೋ ಸ್ಕ್ರೂ ಎಷ್ಟೋ ಸಲ 25 ಎಂಎಂ ಹಲಗೆ ಲೆಕ್ಕದಲ್ಲಿ ಕೊಟ್ಟಿರ್ತಾರೆ. ಅದನ್ನ 19ರ ಪ್ಲೈಗೆ ತಿರುವಿದ್ರೆ ಮೇಲಿಂದ ಮೂತಿ ಹೊರಗೆ ಬರುತ್ತೆ, ಹೊಸ ಲ್ಯಾಮಿನೇಟ್ ಚಟಕ್ಕನೆ ಎದ್ದು ಹೋಗುತ್ತೆ. ಒಂದು ಸ್ಕ್ರೂ ತಗೊಂಡು ಹಲಗೆ ಪಕ್ಕ ಹಿಡಿದು ನೋಡಿ, ಫ್ರೇಮಿನ ತಗಡು ದಪ್ಪ ಕಳೆದು ಒಳಗೆ ಹೋಗೋದು 15-16 ಎಂಎಂ ಮೀರಬಾರ್ದು. ಡ್ರಿಲ್ ಬಿಟ್‌ಗೆ ಆ ಅಳತೇಲಿ ಟೇಪ್ ಸುತ್ಕೊಂಡು ತೂತು ಹಾಕಿ, ಟೇಪ್ ಮುಟ್ತು ಅಂದ್ರೆ ನಿಲ್ಸಿ.

ಮತ್ತೆ ಮನೆ ಬದಲಾಯ್ಸೋವಾಗ ಬಿಚ್ಚಿ ಹಾಕೋದಿದ್ರೆ ಬರೀ ಸ್ಕ್ರೂ ಬೇಡ, ಎರಡು ಮೂರು ಸಲ ಬಿಚ್ಚಿದ್ರೆ ಪ್ಲೈ ಹಿಡಿತ ಬಿಡುತ್ತೆ. ಒಳಗೆ ಎಂ6 ಥ್ರೆಡ್ ಇನ್ಸರ್ಟ್, ಅಂದ್ರೆ 6 ಎಂಎಂ ಬೋಲ್ಟ್ ತಿರುವೋ ಲೋಹದ ಬುಷ್ಷು ಕೂರ್ಸಿ, ಬೋಲ್ಟ್ ಹಾಕಿ.

ವಿವಿಮೊಹಲ್ಲಾ_ಹಳೇಮನೆ
ಕಾರ್ಪೆಂಟರ್ ಸರ್, ನಮ್ಮ ಮಂಡ್ಯದ ಹಳ್ಳಿ ಮನೆ ಕೆಡವಿದಾಗಿನ ತೇಗದ ಬಾಗಿಲು ಒಂದಿದೆ, ಆರೂವರೆ ಅಡಿ ಬೈ ಮೂರಡಿ. ಅದನ್ನೇ ಡೆಸ್ಕ್ ಟಾಪ್ ಮಾಡಿ ಮೇಲೆ ಗ್ಲಾಸ್ ಹಾಕಿಸಿದ್ರೆ ಹೆಂಗಿರುತ್ತೆ? ನೋಡೋಕೆ ಭರ್ಜರಿ ಇರುತ್ತಲ್ಲ.

ಮರಗೆಲಸ_ಮೈಸೂರು
ನೋಡೋಕೆ ಭರ್ಜರಿನೇ. ದಪ್ಪ ಎಷ್ಟು?

ವಿವಿಮೊಹಲ್ಲಾ_ಹಳೇಮನೆ
ಒಂದೂವರೆ ಇಂಚು ಹತ್ರ.

ಮರಗೆಲಸ_ಮೈಸೂರು
ಹಾಗಾದ್ರೆ ಬಾಗಿಲೇ 40 ಕೆಜಿ ದಾಟುತ್ತೆ. ಮೇಲೆ 5 ಎಂಎಂ ಗ್ಲಾಸ್ ಅಂದ್ರೆ ಚದರ ಮೀಟರಿಗೆ ಹನ್ನೆರಡೂವರೆ ಕೆಜಿ, ಇನ್ನೊಂದು 22 ಸೇರ್ತು. 65 ಅಲ್ಲೇ ಆಯ್ತು, ಸಿಂಗಲ್ ಮೋಟರ್ ಮೇಲೆ 70 ಅಂತ ಬರ್ದಿರೋದು ಹಲಗೆ ಸೇರಿ, ಇನ್ನು ಮಾನಿಟರ್ ಇಟ್ಟು ನೀವೊಂದು ಮೊಣಕೈ ಊರಿದ್ರೆ ಮುಗೀತು ಕಥೆ. ಡ್ಯುಯಲ್ ಮೋಟರ್ 120 ಕೆಜಿದಾದ್ರೆ ಮಾಡ್ಬೋದು. 4 ಬೈ 2 ಪ್ಲೈ ಎಷ್ಟು ತೂಗುತ್ತೆ ಗೊತ್ತಾ, 9-10 ಕೆಜಿ. ಇನ್ನೊಂದು, ಹಳೇ ಬಾಗಿಲಲ್ಲಿ ಫ್ರೇಮ್ ಪಟ್ಟಿ ಒಂದು ಮಟ್ಟ ಮಧ್ಯದ ಹಲಗೆ ಒಂದು ಮಟ್ಟ ಇರುತ್ತೆ, ಸ್ಟೀಲ್ ಫ್ರೇಮ್ ಸಮ ಕೂರಲ್ಲ. ಅದನ್ನ ಊಟದ ಟೇಬಲ್ ಮಾಡ್ಸಿ ಸರ್, ನಾನೇ ಮಾಡ್ಕೊಡ್ತೀನಿ, ತೇಗ ಹಾಳ್ಮಾಡ್ಬೇಡಿ.

ಹೂಟಗಳ್ಳಿ_ವೈರಿಂಗ್
ಕರೆಂಟ್ ಬಗ್ಗೆ ಯಾರೂ ಹೇಳಿಲ್ಲ. ಟೇಬಲ್ ಏರೋದು ಹದಿನೈದು ಇಪ್ಪತ್ತು ಸೆಕೆಂಡು, ಅಷ್ಟೊತ್ತು ಮಾತ್ರ ಒಂದಿನ್ನೂರು ಮುನ್ನೂರು ವಾಟ್ ತನಕ ಎಳೆಯುತ್ತೆ, ಆಮೇಲೆ ಸುಮ್ನಿದ್ದಾಗ ಒಂದು ವಾಟ್ ಆಚೀಚೆ. ಬಿಲ್ ಬಗ್ಗೆ ತಲೆ ಕೆಡ್ಸ್ಕೋಬೇಡಿ. ಆದ್ರೆ ಮೂರು ಪಿನ್ ಪ್ಲಗ್ಗು ಅರ್ತ್ ಇರೋ ಸಾಕೆಟ್ಟಿಗೇ ಹಾಕಿ, ಪೂರ್ತಿ ಸ್ಟೀಲ್ ಫ್ರೇಮು, ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತಿರ್ತೀರಾ. ಹಳೇ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತೆ, ಹಿಂದೆ ಅರ್ತ್ ವೈರೇ ಇರಲ್ಲ, ಎಲೆಕ್ಟ್ರಿಷಿಯನ್ ಕರ್ಸಿ ಒಂದ್ಸಲ ಚೆಕ್ ಮಾಡ್ಸಿ.

ಕರೆಂಟ್ ಹೋದ್ರೆ ಟೇಬಲ್ ಬೀಳಲ್ಲ, ಇದ್ದಲ್ಲೇ ನಿಲ್ಲುತ್ತೆ, ಸ್ಕ್ರೂ ಥರದ ಗೇರು ಒಳಗಡೆ. ಆದ್ರೆ ಏರ್ತಾ ಇರೋವಾಗ ಹೋದ್ರೆ ಕೆಲವಕ್ಕೆ ತಲೆ ಕೆಟ್ಟು ಎರರ್ ತೋರಿಸುತ್ತೆ, ಆಗ ಕೆಳಗಿನ ಬಟನ್ ಒತ್ತಿ ಹಿಡ್ಕೊಂಡು ಪೂರ್ತಿ ತಳಕ್ಕೆ ಇಳ್ಸಿದ್ರೆ ರಿಸೆಟ್ ಆಗುತ್ತೆ. ಮ್ಯಾನುಯಲ್ಲಲ್ಲಿ ಬರ್ದಿರುತ್ತೆ, ಓದೋರ್ಯಾರು. ಮತ್ತೆ ಮಕ್ಳು ಲಿಫ್ಟ್ ಆಟ ಆಡೋಕೆ ಬಿಡ್ಬೇಡಿ, ಈ ಮೋಟರ್‌ಗಳು 2 ನಿಮಿಷ ಓಡಿದ್ರೆ 18 ನಿಮಿಷ ರೆಸ್ಟ್ ಅನ್ನೋ ಲೆಕ್ಕದಲ್ಲಿ ಮಾಡಿರೋದು.

ವೈರ್‌ಗಳು! ಸ್ಪೈಕ್ ಗಾರ್ಡನ್ನ ಹಲಗೆ ಕೆಳಗೇ ಸ್ಕ್ರೂ ಹಾಕಿ ಫಿಕ್ಸ್ ಮಾಡಿ, ಎಲ್ಲಾ ಚಾರ್ಜರ್ ಅದಕ್ಕೆ, ಗೋಡೆಗೆ ಹೋಗೋದು ಒಂದೇ ವೈರು, ಅದು ಟೇಬಲ್ ಪೂರ್ತಿ ಮೇಲೆ ಹೋದಾಗ್ಲೂ ಬಿಗಿ ಆಗದಷ್ಟು ಉದ್ದ ಇರ್ಲಿ. ಲ್ಯಾನ್ ಕೇಬಲ್ ಮರೆತು ಟೇಬಲ್ ಏರಿಸಿ ರೌಟರ್ ಶೆಲ್ಫಿಂದ ಕಿತ್ಕೊಂಡು ಬಂದಿದ್ದು ಒಂದ್ ಮನೇಲಿ ಕಣ್ಣಾರೆ ನೋಡಿದೀನಿ.

ಗುತ್ತಲು_ರೋಡ್
ನಾನ್ ಹೇಳಿರ್ಲಿಲ್ವಾ, ಹ್ಯಾಂಡಲ್ದೇ ವಾಸಿ ಅಂತ 😂

ದಟ್ಟಗಳ್ಳಿ_ಡಾಟಾ
ಕಿಟಕಿ ಕೆಳಗೆ ಅಂದ್ರಿ. ಕಿಟಕಿ ಕೆಳಗಂಚಿನ ಗ್ರಾನೈಟ್ ಸಿಲ್ ರೂಮಿನ ಕಡೆ ಚಾಚಿದ್ಯಾ ನೋಡಿ. ಟೇಬಲ್ ಹಿಂದಿನ ಅಂಚು ಏರೋವಾಗ ಅದಕ್ಕೆ ತಗಲುತ್ತೆ. ಆಂಟಿ ಕೊಲಿಷನ್ ಅಂತ ಇರುತ್ತೆ, ತಗುಲಿದ್ರೆ ನಿಂತು ಸ್ವಲ್ಪ ವಾಪಸ್ ಇಳಿಯುತ್ತೆ, ಆದ್ರೆ ಅಗ್ಗದ ಮಾಡೆಲ್‌ಗಳಲ್ಲಿ ಅದು ಸುಮಾರಾಗಿ ಒತ್ತಿದ ಮೇಲೇ ಗೊತ್ತಾಗೋದು. ಗೋಡೆಯಿಂದ ಸಿಲ್ ಎಷ್ಟು ಚಾಚಿದ್ಯೋ ಅದರ ಮೇಲೆ ಎರಡು ಬೆರಳು ಬಿಟ್ಟು ಇಡಿ. ಸ್ಟೂಲು, ಡಸ್ಟ್‌ಬಿನ್ನು, ಕುರ್ಚಿ ಕೈ ಇವೂ ಇಳಿಯೋವಾಗ ಸಿಕ್ಕಾಕೊಳೋ ಸಾಮಾನು.

ಇನ್ನು ಅಲುಗಾಟ. ಕೆಳಗಿದ್ದಾಗ ಎಲ್ಲಾ ಟೇಬಲ್ಲೂ ಬಂಡೆ, 105 ದಾಟಿದ ಮೇಲೆ ಬಣ್ಣ ಬಯಲಾಗೋದು. ನಿಮಗೆ 98, ತೊಂದ್ರೆ ಇಲ್ಲ. ಸಾಹೇಬ್ರಿಗೆ 112ರಲ್ಲಿ ಟೈಪ್ ಮಾಡಿದ್ರೆ ಮಾನಿಟರ್ ನಡುಗ್ಬೋದು, ಅದ್ರಲ್ಲೂ ಮಾನಿಟರ್ ಆರ್ಮ್ ಹಾಕಿದ್ರೆ ಜಾಸ್ತಿ ಕಾಣುತ್ತೆ. ಫ್ರೇಮ್ ತೂಕ ಕೇಳಿ, 25 ಕೆಜಿ ಆಚೀಚೆ ಇದ್ರೆ ನಂಬ್ಬೋದು, 15-16 ಕೆಜಿ ಅಂದ್ರೆ ತಗಡು ತೆಳ್ಳಗಿದೆ. ಪಾದದ ಕೆಳಗೆ ಲೆವೆಲಿಂಗ್ ಸ್ಟಡ್ ಇರುತ್ತೆ, ಅದನ್ನ ತಿರುಗ್ಸಿ ನಾಲ್ಕೂ ನೆಲಕ್ಕೆ ಮುಟ್ಟೋ ಹಾಗೆ ಮಾಡಿದ್ರೆ ಅರ್ಧ ಅಲುಗಾಟ ಹೋಗುತ್ತೆ, ನಮ್ಮ ಮನೆಗಳ ನೆಲ ಎಲ್ಲಿ ಮಟ್ಟ ಇರುತ್ತೆ ಹೇಳಿ, ನೀರು ಹೋಗ್ಲಿ ಅಂತ ಬಾಗಿಲ ಕಡೆ ಇಳಿಜಾರೇ ಕೊಟ್ಟಿರ್ತಾರೆ.

ಸಿದ್ಧಾರ್ಥನಗರ_ಸೆಕೆಂಡ್ಸ್
ಸೆಕೆಂಡ್ ಹ್ಯಾಂಡ್ ಯಾಕೆ ಯಾರೂ ಹೇಳ್ತಿಲ್ಲ? ಬೆಂಗಳೂರಲ್ಲಿ ಆಫೀಸ್ ಖಾಲಿ ಮಾಡೋರು ಒಳ್ಳೇ ಡ್ಯುಯಲ್ ಮೋಟರ್ ಟೇಬಲ್‌ಗಳನ್ನ ಅರ್ಧ ರೇಟಿಗೆ ಬಿಡ್ತಾರೆ.

ಬೋಗಾದಿ_ರಿಂಗ್‌ರೋಡ್
ತರೋ ಖರ್ಚು ನೋಡಿ ಗುರು. ಟೆಂಪೋ ಮಾಡಿಸ್ಕೊಂಡು ಬೆಂಗಳೂರಿಂದ ಇಲ್ಲಿಗೆ ಅಂದ್ರೆ ಉಳಿಸಿದ ದುಡ್ಡು ಬಾಡಿಗೆ ಟೋಲ್ ಅಂತ ಅಲ್ಲೇ ಹೋಯ್ತು. ಕಾರಲ್ಲಿ ಹೋಗೋರಿಗೆ ಫ್ರೇಮ್ ಬಿಚ್ಚಿದ್ರೆ ಹಿಂದಿನ ಸೀಟ್ ಮಡಚಿ ಹಿಡಿಯುತ್ತೆ, ಹಲಗೆ ಅಲ್ಲೇ ಬಿಟ್ಟು ಬರೋದು. ಬೆಂಗಳೂರಿಗೆ ಹೋದಾಗ ನಾಗಸಂದ್ರದ ಐಕಿಯಾದಲ್ಲೋ ಬೇರೆ ಫರ್ನಿಚರ್ ಶೋರೂಮಲ್ಲೋ ಡಿಸ್‌ಪ್ಲೇಗೆ ಇಟ್ಟಿದ್ರೆ ನಿಂತು ನೋಡಿ ಬನ್ನಿ, ತಗೊಳ್ದಿದ್ರೂ ಎತ್ತರದಲ್ಲಿ ಅಲುಗಿಸಿ ನೋಡಿದ್ರೆ ಒಂದು ಅಂದಾಜು ಸಿಗುತ್ತೆ.

ಸಿದ್ಧಾರ್ಥನಗರ_ಸೆಕೆಂಡ್ಸ್
ಸೆಕೆಂಡ್ಸ್ ತಗೊಂಡ್ರೆ ಹ್ಯಾಂಡ್‌ಸೆಟ್ಟು (ಬಟನ್ ಇರೋದು), ಕಂಟ್ರೋಲ್ ಬಾಕ್ಸು (ಮೋಟರ್ ನಡೆಸೋ ಡಬ್ಬ), ಪವರ್ ಕೇಬಲ್ ಮೂರೂ ಇದ್ಯಾ ನೋಡ್ಕೊಳಿ, ಪೂರ್ತಿ ತಳದಿಂದ ಪೂರ್ತಿ ಮೇಲಕ್ಕೆ ಓಡ್ಸಿ ಎರಡೂ ಕಾಲು ಒಟ್ಟಿಗೇ ಏರ್ತಿದ್ಯಾ ಗಮನಿಸಿ. ಹೊಸದಕ್ಕೂ ಒಂದು ಮಾತು, ವಾರಂಟಿ 5 ವರ್ಷ ಅಂತ ಬರ್ದಿರ್ತಾರೆ, ಮೈಸೂರಿಗೆ ಮನೆಗೆ ಬಂದು ರಿಪೇರಿ ಮಾಡ್ತಾರಾ ಇಲ್ಲಾ ಪಾರ್ಟ್ ಕೊರಿಯರಲ್ಲಿ ಕಳ್ಸಿ ನೀವೇ ಹಾಕ್ಕೊಳಿ ಅಂತಾರಾ, ಇಮೇಲಲ್ಲಿ ಕೇಳಿ ಇಟ್ಕೊಳಿ. ನನ್ನ ಮೊದಲನೇ ಟೇಬಲ್ಲಿನ ಕಂಟ್ರೋಲ್ ಬಾಕ್ಸ್ ಹೋದಾಗ ಆ ಕಂಪ್ನಿಯವ್ರು ತಿಂಗಳುಗಟ್ಟಲೆ ಟಿಕೆಟ್ ನಂಬರ್ ಕೊಡ್ತಾ ಕೂತ್ರು, ಟೇಬಲ್ ನಿಂತ ಎತ್ತರದಲ್ಲೇ ನಿಂತಿತ್ತು, ನಾನು ಬಾರ್ ಸ್ಟೂಲ್ ತಂದು ಕೂತೆ.

ಪಾಂಡವಪುರ_ಪ್ಯಾಸೆಂಜರ್
ಹ್ಹಹ್ಹ ಬಾರ್ ಸ್ಟೂಲ್.

ಒಂಟಿಕೊಪ್ಪಲ್_ಫಿಸಿಯೋ
ಲ್ಯಾಪ್‌ಟಾಪ್ ಒಂದನ್ನೇ ಟೇಬಲ್ ಮೇಲಿಟ್ಟು ನಿಂತ್ರೆ ಅರ್ಧ ಉಪಯೋಗ ಹೋಯ್ತು ಅನ್ನೋದನ್ನೂ ಹೇಳ್ಬಿಡ್ತೀನಿ. ಕೈಗೆ ಸರಿ ಮಾಡಿದ್ರೆ ಕತ್ತು ಬಗ್ಗುತ್ತೆ, ಕತ್ತಿಗೆ ಸರಿ ಮಾಡಿದ್ರೆ ಕೈ ಮೇಲೇಳುತ್ತೆ. ಬೇರೆ ಕೀಬೋರ್ಡ್ ಮೌಸ್ ಸಾವಿರ ರೂಪಾಯಿ ಒಳಗೇ ಬರುತ್ತೆ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರೋ ಹಾಗೆ ಲ್ಯಾಪ್‌ಟಾಪನ್ನ ಎತ್ತಿ ಇಡಿ. ಬಜೆಟ್ಟಲ್ಲಿ ಇದನ್ನ ಮೊದ್ಲು ಸೇರ್ಸಿ, ಮೋಟರ್ ಆಮೇಲೆ. ಗ್ರಾನೈಟ್ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತ್ರೆ ಹಿಮ್ಮಡಿ ನೋವು ಬರುತ್ತೆ, ಅದಕ್ಕಂತಲೇ ಮಾರೋ ಮ್ಯಾಟ್ ಎರಡು ಮೂರು ಸಾವಿರ, ಶುರುವಿಗೆ ಹಳೇ ಯೋಗ ಮ್ಯಾಟ್ ನಾಲ್ಕು ಮಡಿಕೆ ಮಾಡಿದ್ರೂ ನಡೆಯುತ್ತೆ.

5-2ಗೆ ಟೂ ಸ್ಟೇಜ್ ಆಗೋದೇ ಇಲ್ವಾ ಅಂತ ಕೇಳಿದ್ರಲ್ಲ, ಆಗುತ್ತೆ. ಕುರ್ಚಿ ಎತ್ತರ ಮಾಡಿ ಕಾಲ ಕೆಳಗೆ ಫುಟ್‌ರೆಸ್ಟ್ ಇಡೋದು. ಟೇಬಲ್ ತಳ 72, ಹಲಗೆ 2, ಒಟ್ಟು 74. ನಿಮಗೆ 62 ಬೇಕು, ಅಂದ್ರೆ ಇಡೀ ಮನುಷ್ಯರನ್ನೇ 12 ಸೆಂ.ಮೀ ಮೇಲೆ ಕೂರಿಸ್ಬೇಕು. ನಿಮ್ಮ ಕುರ್ಚಿ ಸೀಟ್ 51-52 ಸೆಂ.ಮೀ ತನಕ ಏರುತ್ತಾ ನೋಡಿ, ಏರಿದ್ರೆ 12 ಸೆಂ.ಮೀ ಫುಟ್‌ರೆಸ್ಟ್ ಇಟ್ರೆ ಸರಿ ಹೋಯ್ತು. ತೊಡೆ ಫ್ರೇಮಿಗೆ ತಗುಲ್ಬಾರ್ದು ಅಷ್ಟೇ.

ಬೋಗಾದಿ_ರಿಂಗ್‌ರೋಡ್
ಫುಟ್‌ರೆಸ್ಟ್ ಮೇಲೆ ಕಾಲಿಟ್ಕೊಂಡು ಎಷ್ಟೊತ್ತು ಕೂರ್ತಾರೆ, ಪದೇ ಪದೇ ಜಾರುತ್ತೆ. ನಾನಂತೂ ಥ್ರೀ ಸ್ಟೇಜೇ ಅಂತೀನಿ. ಮತ್ತೆ 72 ಅನ್ನೋದು ಹಲಗೆ ಸೇರಿನಾ ಬಿಟ್ಟಾ ಅಂತ ಕೇಳಿ, ಒಬ್ಬೊಬ್ರು ಒಂದೊಂಥರ ಬರ್ದಿರ್ತಾರೆ.

ಮರಗೆಲಸ_ಮೈಸೂರು
ಜಾರದ ಹಾಗೆ ಮಾಡ್ಕೊಡ್ತೀನಿ ಬಿಡಿ. ಹಲಗೆ ಕುಯ್ದು ಉಳಿದ ಪ್ಲೈಲೇ 45 ಬೈ 30 ಸೆಂ.ಮೀ, ಹಿಂದೆ 12 ಮುಂದೆ 10, ಕೆಳಗೆ ರಬ್ಬರ್ ಬುಷ್ಷು. ಅದಕ್ಕೆ ಬೇರೆ ದುಡ್ಡು ಬೇಡ.

ಕುವೆಂಪುನಗರದವಳು
ಎಲ್ರೂ ಇಷ್ಟೊಂದು ಬರ್ದಿದೀರಾ, ಥ್ಯಾಂಕ್ಸ್. ಅಪ್‌ಡೇಟ್ ಕೊಡ್ತೀನಿ.

ಬಾರ್ಬಿ ಟೇಬಲ್ ಟ್ರಯಲ್ ಆಯ್ತು. ಕೋಡ್ ಬರೆಯೋಕೆ ನಿಂತ್ಕೊಂಡು ನಂಗೆ ಆಗ್ತಿಲ್ಲ, ಯೋಚ್ನೆ ಓಡಲ್ಲ. ಆದ್ರೆ ಮೀಟಿಂಗು, ಮೇಲ್, ರಿವ್ಯೂ ಇವೆಲ್ಲ ನಿಂತೇ ಮಾಡ್ತಿದೀನಿ, ಬೆಳಗ್ಗೆ ಟೀಮಿನ ಚಿಕ್ಕ ಮೀಟಿಂಗು, ಸ್ಟ್ಯಾಂಡಪ್ ಕಾಲ್ ಅಂತೀವಲ್ಲ, ಅದು ನಿಜವಾಗ್ಲೂ ಸ್ಟ್ಯಾಂಡಪ್ ಆಗಿದೆ. ಊಟ ಆದ್ಮೇಲಿನ ತೂಕಡಿಕೆಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಸೊಂಟಕ್ಕೆ ಸ್ವಲ್ಪ ಹಗುರ ಅನ್ಸ್ತಿದೆ, ಭುಜಕ್ಕೆ ಕೀಬೋರ್ಡ್ ತಂದಿದ್ದೇ ಜಾಸ್ತಿ ಉಪಯೋಗ ಆಯ್ತು ಅಂತ ಕಾಣುತ್ತೆ.

ಕುರ್ಚಿ ಅಳೆದೆ, ಸೀಟ್ 52 ತನಕ ಏರುತ್ತೆ. ಹಾಗಾಗಿ ಟೂ ಸ್ಟೇಜ್ ಸಿಂಗಲ್ ಮೋಟರ್ ಫ್ರೇಮೇ ಆರ್ಡರ್ ಮಾಡಿದೀನಿ, ಮೆಮೊರಿ ಬಟನ್ ಇರೋದು, ನಂಗೆ ಕೂರೋಕೊಂದು ನಿಲ್ಲೋಕೊಂದು ಅವರಿಗೆ ನಿಲ್ಲೋಕೊಂದು. ಜಿಎಸ್‌ಟಿ ಎಲ್ಲಾ ಸೇರಿ 12 ಮತ್ತೆ ಚಿಲ್ರೆ ಆಯ್ತು. ಫ್ರೇಮ್ ತೂಕ ಮೇಲ್ ಹಾಕಿ ಕೇಳ್ದೆ, 24 ಕೆಜಿ ಅಂದ್ರು. 72 ಹಲಗೆ ಬಿಟ್ಟೇ ಅಂತೆ. ಬೋಗಾದಿಯವ್ರು ಬೈಬೇಡಿ, ಥ್ರೀ ಸ್ಟೇಜ್ ತಗೊಳೋಕೆ ಮನಸ್ಸಿತ್ತು, ಈ ತಿಂಗಳು ಸ್ಕೂಲ್ ಫೀಸ್ ಕಟ್ಬೇಕು.

ಮರಗೆಲಸದವ್ರೇ, ಹಲಗೆ ನಿಮ್ಮ ಹತ್ರನೇ. 120 ಬೈ 60 ಸೆಂ.ಮೀ, ಮರದ ಬಣ್ಣ ಬೇಡ, ತಿಳಿ ಬೂದು, ಮ್ಯಾಟ್ ಫಿನಿಶ್. ವೈರ್ ಹೋಗೋಕೆ ತೂತು ಎಲ್ಲಿ ಹಾಕಿಸ್ಲಿ, ಮಧ್ಯಕ್ಕಾ ಮೂಲೆಗಾ?

ಮರಗೆಲಸ_ಮೈಸೂರು
ಹಿಂದಿನ ಅಂಚಿಗೆ, ಬಲಗಡೆ ಮೂಲೆಯಿಂದ ಒಂದು ಗೇಣು ಒಳಗೆ. 60 ಎಂಎಂ ತೂತು, ಮೇಲೆ ಪ್ಲಾಸ್ಟಿಕ್ ಕ್ಯಾಪ್. ಆದ್ರೆ ಫ್ರೇಮ್ ಬರ್ಲಿ ಮೊದ್ಲು, ಕೆಳಗೆ ಅಡ್ಡಪಟ್ಟಿ ಎಲ್ಲಿ ಬರುತ್ತೆ ಅಂತ ನೋಡ್ದೆ ತೂತು ಹಾಕಿದ್ರೆ ಸೀದಾ ಕಬ್ಬಿಣಕ್ಕೇ ಹೋಗಿ ನಿಲ್ಲುತ್ತೆ. ಡಬ್ಬ ಬಂದ ತಕ್ಷಣ ಕೆಳಗಡೆ ಫೋಟೋ, ಸ್ಕ್ರೂ ಪ್ಯಾಕೆಟ್ ಫೋಟೋ ಎರಡೂ ಕಳ್ಸಿ. ಕಂಪ್ನಿ ಸ್ಕ್ರೂ ಎಸೀಬೇಡಿ.

ಹೂಟಗಳ್ಳಿ_ವೈರಿಂಗ್
ಅರ್ತ್ ಚೆಕ್ ಮಾಡ್ಸಿದ್ರಾ?

ಕುವೆಂಪುನಗರದವಳು
ಓನರ್ ಆಂಟಿಗೆ ಹೇಳಿದೀನಿ, ಭಾನುವಾರ ಎಲೆಕ್ಟ್ರಿಷಿಯನ್ ಬರ್ತಾರಂತೆ.